ಆ ಕಂಬ ಯಾರ ಮನೆಯದು?

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ಮಗ ಕೆನಡಾದ ವ್ಯಾಂಕೂವರ್‌ನಲ್ಲಿದ್ದಾನೆ. ಈ ಸಲ ಊರಿಗೆ ಬಂದಾಗ ಒಂದು ಹಳೇ ಫೋಟೋದ ಪ್ರಿಂಟ್ ತಂದುಕೊಟ್ಟ. ಸಮುದ್ರದ ದಂಡೆ, ಸಾಲಾಗಿ ಹಲಗೆಯ ಮನೆಗಳು, ಮನೆಗಳ ಮುಂದೆ ಎತ್ತರೆತ್ತರದ ಕೆತ್ತನೆ ಕಂಬಗಳು. ದೊಡ್ಡ ಕಣ್ಣು, ಹಲ್ಲು, ಕೊಕ್ಕು. ಮನುಷ್ಯರು ಮಾತ್ರ ಒಬ್ಬರೂ ಕಾಣುವುದಿಲ್ಲ. ಕೆಳಗೆ ‘ಸ್ಕಿಡಿಗೇಟ್, 1878’ ಎಂದಿದೆ. ಹಾಲ್‌ನಲ್ಲಿ ಹಾಕೋಣ ಅಂದರೆ ನಮ್ಮತ್ತೆ ‘ಯಾರದೋ ದೇವರು, ಪೂಜೆ ಇಲ್ಲದೆ ಮನೆಯಲ್ಲಿ ಇಡಬಾರದು’ ಅಂತಾರೆ. ಇವು ದೇವರೇನಾ? ನಮ್ಮ ಗರುಡಗಂಬದ ಥರಾನಾ? ಇವಕ್ಕೆ ಬಣ್ಣ ಇರಲಿಲ್ವಾ? ಈಗಲೂ ಅಲ್ಲೇ ಇವೆಯಾ? ಫೋಟೋದ ಫೋಟೋ ತೆಗೆದು ಕಳಿಸಿದ್ದೇನೆ.
— ಓದುಗಿ, ಶಿವಮೊಗ್ಗ

ಉತ್ತರ: ಮೊದಲು ನಿಮ್ಮ ಅತ್ತೆಯವರಿಗೆ ಹೇಳಿ, ಗಾಬರಿ ಬೇಡ. ಇವು ದೇವರಲ್ಲ. ಈ ಕಂಬಗಳಿಗೆ ಯಾರೂ ಪೂಜೆ ಮಾಡುತ್ತಿರಲಿಲ್ಲ, ಈಗಲೂ ಮಾಡುವುದಿಲ್ಲ. ಗರುಡಗಂಬದ ಹತ್ತಿರಕ್ಕೂ ತರಬೇಡಿ. ಇವು ಮನೆತನದ ಕಂಬಗಳು, ‘ಟೋಟೆಮ್ ಕಂಬ’ ಎಂದೂ ಅನ್ನುತ್ತಾರೆ. ಅಲ್ಲಿಗೆ ಬಂದ ಪಾದ್ರಿಗಳಲ್ಲೂ ಅನೇಕರು ಇವನ್ನು ವಿಗ್ರಹ ಅಂದುಕೊಂಡರು. ಅದರಿಂದ ಆದ ನಷ್ಟ ದೊಡ್ಡದು, ಅದಕ್ಕೆ ಆಮೇಲೆ ಬರುತ್ತೇನೆ.

ಸ್ಕಿಡಿಗೇಟ್ ಇರುವುದು ಹೈಡಾ ಗ್ವಾಯ್ ಎಂಬ ದ್ವೀಪಗಳಲ್ಲಿ. ಕೆನಡಾದ ಪಶ್ಚಿಮ ತೀರದಾಚೆ, ಅಲಾಸ್ಕಾದ ದಕ್ಷಿಣದ ತುದಿಯ ಕೆಳಗೆ. ಮ್ಯಾಪಿನಲ್ಲಿ ಬಹಳ ಕಾಲ ‘ಕ್ವೀನ್ ಶಾರ್ಲಟ್ ದ್ವೀಪಗಳು’ ಅಂತಿತ್ತು. 2010ರಲ್ಲಿ ಅಲ್ಲಿಯವರ ಹೆಸರೇ ಅಧಿಕೃತವಾಯಿತು. ಅಲ್ಲಿಯವರು ಹೈಡಾ ಜನ. ಅವರಲ್ಲಿ ಎರಡು ಬಣ: ಒಂದು ರೇವನ್, ಅಂದರೆ ನಮ್ಮ ಕಾಡುಕಾಗೆಗಿಂತ ದೊಡ್ಡದಾದ ಒಂದು ಕಪ್ಪು ಹಕ್ಕಿಯದು. ಇನ್ನೊಂದು ಹದ್ದಿನದು. ರೇವನ್ ಬಣದವರು ಹದ್ದಿನ ಬಣದಿಂದಲೇ ಹೆಣ್ಣು ತರಬೇಕು, ಅವರು ಇವರಿಂದ. ಮಕ್ಕಳು ತಾಯಿಯ ಬಣಕ್ಕೆ ಸೇರುತ್ತಾರೆ. ಯಜಮಾನಿಕೆ ಹೋಗುವುದು ಸೋದರಮಾವನಿಂದ ಅಳಿಯನಿಗೆ. ಕರಾವಳಿಯ ಅಳಿಯಕಟ್ಟು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದೊಂದು ಬಣದಲ್ಲೂ ಹಲವು ಮನೆತನಗಳು. ಒಂದೊಂದು ಮನೆತನಕ್ಕೂ ಅದರದೇ ಗುರುತುಗಳು: ಕರಡಿ, ಬೀವರ್, ಕಪ್ಪೆ, ಓರ್ಕಾ ತಿಮಿಂಗಿಲ. ಆ ಗುರುತು ಹೇಗೆ ಬಂತು, ಯಾವ ಪೂರ್ವಜರಿಗೆ ಎಲ್ಲಿ ಸಿಕ್ಕಿತು ಎಂಬ ಕಥೆಯೂ ಅದೇ ಮನೆತನದ್ದು. ಬೇರೆಯವರು ಆ ಗುರುತನ್ನು ಕೆತ್ತಿಸಿಕೊಂಡರೆ ಅದು ಕಳ್ಳತನ. ಕಂಬ ನಿಲ್ಲಿಸುವ ದಿನ ದೂರದೂರದ ಊರುಗಳಿಂದ ಜನರನ್ನು ಕರೆದು, ಊಟ ಹಾಕಿ, ಕೈತುಂಬ ಉಡುಗೊರೆ ಕೊಡುತ್ತಾರೆ. ಇದನ್ನು ಪಾಟ್ಲ್ಯಾಚ್ ಅನ್ನುತ್ತಾರೆ. ಉಡುಗೊರೆ ತೆಗೆದುಕೊಂಡವರು ಸಾಕ್ಷಿಗಳು. ಈ ಹೆಸರು ಇವರದು, ಈ ಹಕ್ಕು ಇವರದು ಎಂದು ಅವರೆಲ್ಲ ಕಂಡಿದ್ದಾರೆ. ಬರವಣಿಗೆ ಇಲ್ಲದೆ ನೋಂದಾಯಿಸುವ ಕ್ರಮ ಅದು. ಕಂಬಗಳು ಸಮುದ್ರದ ಕಡೆಗೇ ಯಾಕೆ ಮುಖ ಮಾಡಿವೆ ಗೊತ್ತಾ? ಅಲ್ಲಿ ನೆಂಟರು ಬರುವುದು ದೋಣಿಯಲ್ಲಿ. ಯಾವ ಮನೆ ಯಾರದು ಎಂದು ನೀರಿನ ಮೇಲಿಂದಲೇ ತಿಳಿಯಬೇಕು.

ಈಗ ಫೋಟೋಗೆ ಬರೋಣ. 1878, ಸ್ಕಿಡಿಗೇಟ್ ಎರಡೂ ಸರಿಯಾಗಿದ್ದರೆ ಇದು ಜಾರ್ಜ್ ಡಾಸನ್ ತೆಗೆದದ್ದು. ಕೆನಡಾ ಸರ್ಕಾರದ ಭೂವಿಜ್ಞಾನ ಸರ್ವೆಯಲ್ಲಿದ್ದ ತರುಣ, ಆಗ ವಯಸ್ಸು ಇಪ್ಪತ್ತೆಂಟು. ಚಿಕ್ಕಂದಿನಲ್ಲೇ ಬೆನ್ನುಮೂಳೆಯ ಕ್ಷಯವಾಗಿ ಬೆಳವಣಿಗೆ ನಿಂತು, ಎತ್ತರದಲ್ಲಿ ಸಣ್ಣ ಹುಡುಗನಷ್ಟೇ ಇದ್ದ. ಬೆನ್ನು ಬಾಗಿತ್ತು. ಅಂಥವನು ಹಾಯಿಹಡಗಿನಲ್ಲಿ ಆ ದ್ವೀಪಗಳನ್ನು ಸುತ್ತಿ, ಗಾಜಿನ ಪ್ಲೇಟು, ಮರದ ಕ್ಯಾಮೆರಾ ಹೊತ್ತುಕೊಂಡು ಇಳಿದು ಈ ಚಿತ್ರಗಳನ್ನು ತೆಗೆದ. ಕಲ್ಲಿದ್ದಲು, ಬಂಡೆ ನೋಡಲು ಹೋದವನು ಊರುಗಳನ್ನೂ ನೋಡಿ ಬರೆದಿಟ್ಟ. ಅವನ ಶ್ರಮದ ಬಗ್ಗೆ ನನಗೆ ತುಂಬಾ ಗೌರವ ಇದೆ.

ನೀವು ಒಂದು ಭೂತಗನ್ನಡಿ ತೆಗೆದುಕೊಂಡು ಕೂತುಕೊಳ್ಳಿ. ಎಲ್ಲ ಕಂಬವೂ ಒಂದೇ ಅಲ್ಲ. ಮನೆಯ ಗೋಡೆಗೆ ಅಂಟಿಕೊಂಡು ನಿಂತು, ಚಾವಣಿ ದಾಟಿ ಮೇಲೆ ಹೋಗಿರುವುದು ಮನೆಯ ಮುಂಗಂಬ. ಹಿಂದಿನಿಂದ ನೋಡಿದರೆ ಅದು ಪೂರ್ತಿ ದುಂಡಗಿರುವುದಿಲ್ಲ. ಸೀಡರ್ ಮರದ ತಿರುಳನ್ನು ಹಿಂಬದಿಯಿಂದ ತೋಡಿ ತೆಗೆದಿರುತ್ತಾರೆ, ಭಾರ ಕಮ್ಮಿಯಾಗಲಿ ಎಂದು. ಇಂಥ ಕೆಲವು ಕಂಬಗಳ ಬುಡದಲ್ಲಿ ಮೊಟ್ಟೆಯಾಕಾರದ ತೂತು ಇರುತ್ತದೆ. ಅದೇ ಮನೆಯ ಬಾಗಿಲು. ಬಗ್ಗಿ ಒಳಗೆ ಹೋಗಬೇಕು. ಇನ್ನು ಮನೆಯಿಂದ ಸ್ವಲ್ಪ ಈಚೆಗೆ, ಕುಳ್ಳಗೆ, ದಪ್ಪಗೆ ನಿಂತು ತಲೆಯ ಮೇಲೆ ಅಗಲವಾದ ಹಲಗೆ ಹೊತ್ತಿರುವುದು ಸಮಾಧಿ ಕಂಬ. ಆ ಹಲಗೆಯ ಹಿಂದೆ ಒಂದು ಪೆಟ್ಟಿಗೆ ಇದೆ, ಅದರಲ್ಲಿ ಸತ್ತ ಹಿರಿಯರ ದೇಹ. ನೆಲದಲ್ಲಿ ಹೂಳದೆ ಮೇಲಿಡುತ್ತಿದ್ದರು. ಸಪೂರಾಗಿ, ಹೆಚ್ಚು ಕೆತ್ತನೆಯಿಲ್ಲದೆ, ತುದಿಯಲ್ಲಿ ಮಾತ್ರ ಒಂದು ಹಕ್ಕಿಯೋ ಪ್ರಾಣಿಯೋ ಕೂತಿದ್ದರೆ ಅದು ನೆನಪಿನ ಕಂಬ. ನೀವು ಕಳಿಸಿದ ಚಿತ್ರದಲ್ಲಿ ಈ ಮೂರೂ ಇವೆ.

ಮುಂಗಂಬದ ನೆತ್ತಿಯಲ್ಲಿ ಎತ್ತರದ ಟೋಪಿ ಹಾಕಿಕೊಂಡು ಕುಕ್ಕರಗಾಲಿನಲ್ಲಿ ಕೂತ ಪುಟ್ಟ ಮನುಷ್ಯರು ಕಾಣುತ್ತಾರಾ? ಸಾಮಾನ್ಯವಾಗಿ ಮೂವರು. ಅವರು ಕಾವಲುಗಾರರು. ಸಮುದ್ರದಿಂದ ಯಾರು ಬಂದರೂ ಮನೆಯವರಿಗೆ ಮೊದಲೇ ಎಚ್ಚರಿಕೆ ಕೊಡುವವರು. ಇವತ್ತು ಬೇಸಿಗೆಯಲ್ಲಿ ಹಳೆಯ ಊರುಗಳನ್ನು ಕಾಯುತ್ತಾ, ಬಂದವರಿಗೆ ವಿವರಿಸುವ ಹೈಡಾ ಜನರಿಗೂ ‘ಹೈಡಾ ವಾಚ್‌ಮನ್’ ಎಂದೇ ಹೆಸರು.

ಬಣ್ಣದ ವಿಷಯ ಕೇಳಿದ್ದು ನನಗೆ ಖುಷಿಯಾಯಿತು. ನಾನು ಹುಟ್ಟಿದ್ದು ಸ್ಟುಡಿಯೋ ಇದ್ದ ಮನೆಯಲ್ಲಿ. ತಾತನ ಕಾಲದ ಗಾಜಿನ ನೆಗೆಟಿವ್‌ಗಳನ್ನು ಒರೆಸಿ ಒರೆಸಿಯೇ ಈ ಹುಚ್ಚು ಹತ್ತಿದ್ದು. ನಿಮ್ಮ ಮನೆಯಲ್ಲಿ ಮುತ್ತಜ್ಜಿಯ ಫೋಟೋ ಇದ್ದರೆ ಹಣೆ ನೋಡಿ. ಕೆಂಪು ಕುಂಕುಮ ಕಾಡಿಗೆಯಷ್ಟು ಕಪ್ಪಗೆ ಕಾಣುತ್ತದೆ. ಆಗಿನ ಪ್ಲೇಟುಗಳಿಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ತಾಗುತ್ತಿತ್ತು, ಕೆಂಪು ತಾಗುತ್ತಲೇ ಇರಲಿಲ್ಲ. ಹಾಗಾಗಿ ಕೆಂಪು ಕಪ್ಪಾಯಿತು, ನೀಲಿ ಆಕಾಶ ಬರೀ ಬಿಳಿ ಹಾಳೆಯಾಯಿತು. ಈ ಕಂಬಗಳಿಗೆ ಹಚ್ಚುತ್ತಿದ್ದ ಬಣ್ಣಗಳು ಮುಖ್ಯವಾಗಿ ಮೂರು: ಇದ್ದಿಲಿನ ಕಪ್ಪು, ಕಾವಿಮಣ್ಣಿನ ಕೆಂಪು, ತಾಮ್ರದ ಖನಿಜದಿಂದ ಬಂದ ಹಸಿರು-ನೀಲಿ. ಸಾಲ್ಮನ್ ಮೀನಿನ ಮೊಟ್ಟೆಯನ್ನು ಸೀಡರ್ ತೊಗಟೆಯ ಜೊತೆ ಬಾಯಲ್ಲಿ ಅಗಿದು, ಆ ಅಂಟಿನಲ್ಲಿ ಬಣ್ಣ ಕಲಸುತ್ತಿದ್ದರು. ಎಲ್ಲ ಕಂಬಕ್ಕೂ ಮೈತುಂಬ ಬಣ್ಣ ಇರುತ್ತಿರಲಿಲ್ಲ. ಕಣ್ಣು, ಹುಬ್ಬು, ತುಟಿ, ಮೂಗಿನ ಹೊಳ್ಳೆಗೆ ಜಾಸ್ತಿ. ಆದ್ದರಿಂದ ನಿಮ್ಮ ಫೋಟೋದಲ್ಲಿ ಕಪ್ಪಗೆ ಕಾಣುವ ತುಟಿ ನಿಜದಲ್ಲಿ ಕೆಂಪಗೆ ಇದ್ದಿರಬಹುದು.

ಇನ್ನು ನೀವು ಒಂದು ಸಾಲಿನಲ್ಲಿ ಹೇಳಿ ಮುಗಿಸಿದ ಮಾತು: ಮನುಷ್ಯರು ಕಾಣುವುದಿಲ್ಲ. ಇದರ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಒಂದು ಕಾರಣ ಸರಳ. ಬೇಸಿಗೆ ಅಂದರೆ ಅಲ್ಲಿ ಮೀನಿನ ಕಾಲ, ಜನ ಮನೆ ಬಿಟ್ಟು ಮೀನು ಹಿಡಿಯುವ ಜಾಗಗಳಿಗೆ ಹೋಗಿರುತ್ತಾರೆ. ಇನ್ನೊಂದು ಕಾರಣ ಬಹಳ ಕಷ್ಟದ್ದು. ಈ ಫೋಟೋ ತೆಗೆಯುವ 16 ವರ್ಷ ಮೊದಲು, 1862ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಿಂದ ಬಂದ ಹಡಗಿನ ಜೊತೆ, ದ್ವೀಪಗಳಿಂದ ದಕ್ಷಿಣಕ್ಕೆ ಅದೇ ತೀರದಲ್ಲಿರುವ ವಿಕ್ಟೋರಿಯಾ ಪಟ್ಟಣಕ್ಕೆ ಸಿಡುಬು ಬಂತು. ಕೆಲಸಕ್ಕೆ, ವ್ಯಾಪಾರಕ್ಕೆ ಬಂದು ಪಟ್ಟಣದ ಸುತ್ತ ಬಿಡಾರ ಹೂಡಿದ್ದ ಉತ್ತರದ ಜನರನ್ನು ಅಧಿಕಾರಿಗಳು ಅಲ್ಲಿಂದ ಓಡಿಸಿದರು, ಬಿಡಾರಗಳಿಗೆ ಬೆಂಕಿ ಇಟ್ಟರು. ಅವರು ದೋಣಿ ಹತ್ತಿ ಊರಿಗೆ ಹೊರಟರು, ಸಿಡುಬೂ ಜೊತೆಗೆ ಹೊರಟಿತು. ದಾರಿಯುದ್ದಕ್ಕೂ ತೀರದ ಊರುಗಳು ಸತ್ತವು. ಮೊದಲು ಸಾವಿರಾರು ಮಂದಿ ಇದ್ದ ಹೈಡಾ ಜನ ಇಪ್ಪತ್ತನೇ ಶತಮಾನದ ಆರಂಭದ ಹೊತ್ತಿಗೆ 600ರ ಆಸುಪಾಸಿಗೆ ಇಳಿದರು. ಎಷ್ಟೋ ಊರುಗಳಿದ್ದದ್ದು ಸ್ಕಿಡಿಗೇಟ್ ಮತ್ತು ಮ್ಯಾಸೆಟ್ ಎಂಬ ಎರಡಕ್ಕೆ ಬಂದು ನಿಂತಿತು. ಉಳಿದವರೆಲ್ಲ ಅಲ್ಲಿಗೆ ಬಂದು ಸೇರಿಕೊಂಡರು. ಡಾಸನ್ ಕ್ಯಾಮೆರಾ ಇಟ್ಟಾಗ ಇಷ್ಟೆಲ್ಲ ಆಗುತ್ತಾ ಇತ್ತು.

ಈಗ ಆ ಕಂಬಗಳೆಲ್ಲಿ ಅಂದರೆ, ಹಳೆಯ ಸ್ಕಿಡಿಗೇಟ್‌ನ ಆ ಸಾಲು ಈಗಿಲ್ಲ. ಆ ಮಳೆಯ ನಾಡಿನಲ್ಲಿ ಸೀಡರ್ ಕಂಬ ನೂರು ವರ್ಷ ನಿಂತರೆ ಹೆಚ್ಚು, ಆಮೇಲೆ ಕೊಳೆತು ಬೀಳುತ್ತದೆ. ಆದರೆ ಎಲ್ಲವೂ ತಾವಾಗಿ ಬೀಳಲಿಲ್ಲ. ಪಾದ್ರಿಗಳ ಒತ್ತಾಯಕ್ಕೆ ಕೆಲವನ್ನು ಕಡಿದರು. ಕೆಲವು ಸೌದೆಯಾದವು. ಬಹಳಷ್ಟು ಮ್ಯೂಸಿಯಂಗಳಿಗೆ ಹೋದವು. ಮ್ಯಾಸೆಟ್‌ನ ‘ಸ್ಟಾರ್ ಹೌಸ್’ ಎಂಬ ಮನೆಯ ಮುಂಗಂಬ 11 ಮೀಟರ್‌ಗಿಂತ ಎತ್ತರ. 1901ರಿಂದ ಅದು ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ಮ್ಯೂಸಿಯಂನಲ್ಲಿದೆ. ಹೊಸ ಕಂಬ ನಿಲ್ಲಿಸೋಣ ಅಂದರೆ ಪಾಟ್ಲ್ಯಾಚ್ ನಡೆಸುವುದೇ ಅಪರಾಧವಾಯಿತು. 1885ರಿಂದ 1951ರವರೆಗೆ ಕೆನಡಾದಲ್ಲಿ ಈ ಕಾನೂನು ಇತ್ತು, ಜೈಲಿಗೂ ಹಾಕಿದರು. ನೋಡಿ, ಸಾಕ್ಷಿಗಳನ್ನು ಕರೆಯುವುದೇ ತಪ್ಪು ಅಂದಮೇಲೆ ಕಂಬ ನಿಲ್ಲಿಸಿ ಏನು ಪ್ರಯೋಜನ?

ಹಳೆಯ ಕಂಬಗಳು ಅವು ಹುಟ್ಟಿದ ಜಾಗದಲ್ಲೇ ನಿಂತಿರುವುದನ್ನು ನೋಡಬೇಕೆಂದರೆ ನಿಮ್ಮ ಮಗ ದ್ವೀಪಗಳ ದಕ್ಷಿಣದ ಎಸ್‌ಗಾಂಗ್ ಗ್ವಾಯ್‌ಗೆ ಹೋಗಬೇಕು. 1981ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ. ರಸ್ತೆ ಇಲ್ಲ, ದೋಣಿಯೋ ಸಮುದ್ರ ವಿಮಾನವೋ ಬೇಕು. ಅಷ್ಟು ದೂರ ಆಗದಿದ್ದರೆ ಸ್ಕಿಡಿಗೇಟ್‌ಗೇ ಹೋಗಲಿ. ಡಾಸನ್ ಫೋಟೋ ತೆಗೆದು ಸರಿಯಾಗಿ ನೂರು ವರ್ಷಕ್ಕೆ, 1978ರಲ್ಲಿ, ಬಿಲ್ ರೀಡ್ ಎಂಬ ದೊಡ್ಡ ಶಿಲ್ಪಿ ಅಲ್ಲಿ ಹೊಸ ಕಂಬ ನಿಲ್ಲಿಸಿದರು. ಅದಕ್ಕೂ ಮೊದಲು 1969ರಲ್ಲಿ ಮ್ಯಾಸೆಟ್‌ನಲ್ಲಿ ರಾಬರ್ಟ್ ಡೇವಿಡ್‌ಸನ್ ಒಂದು ಕಂಬ ಕೆತ್ತಿ ನಿಲ್ಲಿಸಿದ್ದರು. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಕಂಬ ನಿಲ್ಲಿಸುವುದನ್ನು ಕಣ್ಣಾರೆ ಕಂಡವರು ಊರಿನಲ್ಲಿ ಹೆಚ್ಚುಕಮ್ಮಿ ಯಾರೂ ಉಳಿದಿರಲಿಲ್ಲ. ಹಿರಿಯರು ಸೇರಿ ಹಾಡುಗಳನ್ನು, ಕ್ರಮಗಳನ್ನು ನೆನಪು ಮಾಡಿಕೊಂಡು ಒಟ್ಟುಗೂಡಿಸಬೇಕಾಯಿತು.

ಫೋಟೋವನ್ನು ಧಾರಾಳವಾಗಿ ಹಾಲ್‌ನಲ್ಲಿ ಹಾಕಿ. ಬಿಸಿಲು ನೇರ ಬೀಳದ ಗೋಡೆ ಇರಲಿ. ಕೆಳಗೆ ಊರಿನ ಹೆಸರು, ವರ್ಷದ ಜೊತೆ ‘ಹೈಡಾ ಜನರ ಮನೆಗಳು’ ಎಂದೂ ಬರೆಸಿ. ಬಂದವರು ‘ಇದೇನು ದೆವ್ವದ ಮುಖ’ ಅಂದರೆ, ಅತ್ತೆಯವರೇ ಮುಂದೆ ಬಂದು ‘ದೆವ್ವ ಅಲ್ಲ, ಅವರ ಮನೆತನದ ಗುರುತು’ ಎಂದು ಹೇಳುವಂತಾಗಲಿ.

ಪ್ರಶ್ನೆ: ಆದಿವಾಸಿ ಜನ ತಮ್ಮ ಕಂಬಗಳನ್ನು ಯುರೋಪಿನ ಮ್ಯೂಸಿಯಂಗಳಿಂದ ವಾಪಸ್ ಕೇಳುತ್ತಿದ್ದಾರೆ ಎಂದು ಓದಿದೆ. ತೆಗೆದುಕೊಂಡು ಹೋಗಿ ಕಾಡಿನಲ್ಲಿ ಕೊಳೆಯಲು ಬಿಡುತ್ತಾರಂತೆ. ಮ್ಯೂಸಿಯಂನಲ್ಲಿದ್ದರೆ ಕನಿಷ್ಠ ಉಳಿಯುತ್ತಿತ್ತಲ್ಲವೇ?
— ನಿವೃತ್ತ ಇಂಜಿನಿಯರ್, ಧಾರವಾಡ

ಉತ್ತರ: ಸರ್, ನೀವು ಓದಿದ್ದು ಬಹುಶಃ ಕೆನಡಾದ ಅದೇ ಪಶ್ಚಿಮ ತೀರದ ಹೈಸ್ಲಾ ಎಂಬ ಜನರ ಗಿಪ್ಸ್‌ಗೊಲಾಕ್ಸ್ ಕಂಬದ ಸುದ್ದಿ ಇರಬೇಕು. ಅದನ್ನು ಪೂರ್ತಿ ಹೇಳುತ್ತೇನೆ, ಆಮೇಲೆ ನೀವೇ ತೂಗಿ ನೋಡಿ.

ಗಿಪ್ಸ್‌ಗೊಲಾಕ್ಸ್ ಎಂಬುದು ಒಬ್ಬ ಮುಖ್ಯಸ್ಥನ ಪದವಿಯ ಹೆಸರು. ಸಿಡುಬಿನಲ್ಲಿ ಅವನು ತನ್ನವರನ್ನು ಕಳೆದುಕೊಂಡ. ದುಃಖದಲ್ಲಿ ಕಾಡಿನಲ್ಲಿ ಅಲೆಯುವಾಗ ಸೂಡಾ ಎಂಬ ಶಕ್ತಿ ಎದುರಾಗಿ ಅವನಿಗೆ ಒಂದು ಸ್ಫಟಿಕದ ಕಲ್ಲು ಕೊಟ್ಟಿತು, ಅದರಿಂದ ಸತ್ತವರನ್ನು ಮತ್ತೆ ಕಂಡ ಎಂಬುದು ಆ ಮನೆತನದ ಕಥೆ. 1872ರಲ್ಲಿ ಅವನು 9 ಮೀಟರ್ ಎತ್ತರದ ಕಂಬ ಕೆತ್ತಿಸಿ ಮಿಸ್ಕುಸಾ ಎಂಬ ಊರಿನಲ್ಲಿ ನಿಲ್ಲಿಸಿದ. ಅದರ ತುದಿಯಲ್ಲಿ ಟೋಪಿ ತೊಟ್ಟು ಕೂತಿರುವುದು ಅದೇ ಸೂಡಾ.

1929ರಲ್ಲಿ ಸ್ವೀಡನ್ನಿನ ಕಾನ್ಸುಲ್ ಒಬ್ಬರು ಅದನ್ನು ಬುಡದಲ್ಲಿ ಕಡಿಸಿ ಸ್ಟಾಕ್‌ಹೋಮ್‌ಗೆ ಸಾಗಿಸಿದರು. ಅನುಮತಿ ಕೊಟ್ಟವರು ಸರ್ಕಾರದ ಅಧಿಕಾರಿಗಳು. ಮನೆಯವರು ಮೀನು ಹಿಡಿಯಲು ಹೋಗಿದ್ದರು, ಬಂದು ನೋಡಿದರೆ ಕಂಬದ ಮೋಟು ಮಾತ್ರ ಇತ್ತು. ಇದು ಒಂದೇ ಸಲ ಆದದ್ದೂ ಅಲ್ಲ. 1899ರಲ್ಲಿ ಸಿಯಾಟಲ್‌ನ ವ್ಯಾಪಾರಿಗಳು ಅಲಾಸ್ಕಾದ ಟ್ಲಿಂಗಿಟ್ ಜನರ ಟಾಂಗಸ್ ಎಂಬ ಊರಿಗೆ ಹಡಗಿನಲ್ಲಿ ಹೋಗಿ ಒಂದು ಕಂಬವನ್ನು ಉರುಳಿಸಿ, ಎರಡು ತುಂಡು ಮಾಡಿ ತಂದು ತಮ್ಮ ಊರಿನ ಚೌಕದಲ್ಲಿ ನಿಲ್ಲಿಸಿದರು. ಎಲ್ಲರದೂ ಒಂದೇ ನೆಪ: ಊರು ಖಾಲಿ ಇತ್ತು, ಯಾರೂ ಇರಲಿಲ್ಲ. ಖಾಲಿ ದಂಡೆಯ ಫೋಟೋ ತೋರಿಸಿ ಹಾಗೆ ನಂಬಿಸುವುದು ಸುಲಭ. ಜನ ದುಡಿಯಲು ಹೋದಾಗ ಮನೆಯ ಮುಂದಿನದು ಎತ್ತಿಕೊಂಡು ಹೋದರೆ ಅದಕ್ಕೆ ಏನನ್ನುತ್ತೇವೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು.

ಸ್ಟಾಕ್‌ಹೋಮ್‌ನಲ್ಲಿ ಆ ಕಂಬ ‘ಉಳಿಯಿತು’ ನಿಜ. ಆದರೆ ದಶಕಗಳ ಕಾಲ ಗೋದಾಮಿನಲ್ಲಿ ಮಲಗಿತ್ತು. 1991ರಲ್ಲಿ ಹೈಸ್ಲಾ ಜನ ಅಲ್ಲಿಗೆ ಹೋಗಿ, ಇದು ನಮ್ಮದೇ ಎಂದು ಗುರುತಿಸಿ ವಾಪಸ್ ಕೇಳಿದರು. ಜಗಳವಾಡಲಿಲ್ಲ. ಬದಲಿಗೆ ಒಂದು ಹೊಸ ಕಂಬ ಕೆತ್ತಿ ಕೊಡುತ್ತೇವೆ ಅಂದರು. ಹೆನ್ರಿ ರಾಬರ್ಟ್‌ಸನ್ ಎಂಬ ಹಿರಿಯ ಶಿಲ್ಪಿಯ ಕೈಕೆಳಗೆ ಎರಡು ಪ್ರತಿಕೃತಿಗಳಾದವು. ಒಂದು ಹಳೆಯ ಊರಿನಲ್ಲಿ ನಿಂತಿತು, ಇನ್ನೊಂದು ಸ್ಟಾಕ್‌ಹೋಮ್‌ನಲ್ಲಿ. 2006ರಲ್ಲಿ ಮೂಲ ಕಂಬ ಊರಿನ ಕಡೆ ಹೊರಟಿತು. ಮ್ಯೂಸಿಯಂ ಇಟ್ಟ ಷರತ್ತು, ಇದನ್ನು ಒಳಾಂಗಣದಲ್ಲಿ ಸಂರಕ್ಷಿಸಬೇಕು ಎಂದು. ಅದಕ್ಕೆ ಬೇಕಾದ ಕಟ್ಟಡಕ್ಕೆ ದುಡ್ಡೆಲ್ಲಿ? ಕೆಲ ವರ್ಷ ಕಿಟಿಮಾಟ್ ಪಟ್ಟಣದ ಶಾಪಿಂಗ್ ಮಾಲ್‌ನಲ್ಲಿ ಇಡಬೇಕಾಯಿತು. 2012ರಲ್ಲಿ ಮಿಸ್ಕುಸಾಕ್ಕೆ ಒಯ್ದು ನೆಲಕ್ಕೆ ಒಪ್ಪಿಸಿದರು.

ಈಗ ನಿಮ್ಮ ಪ್ರಶ್ನೆ. ಕಂಬ ಬಿದ್ದು ಮಣ್ಣು ಸೇರುವುದು ಆ ಜನರ ಕ್ರಮದಲ್ಲೇ ಇದೆ. ಒಂದು ಬಿದ್ದಾಗ ಅದೇ ಹೆಸರಿನವನು, ಅದೇ ಹಕ್ಕಿನಿಂದ ಇನ್ನೊಂದನ್ನು ನಿಲ್ಲಿಸುತ್ತಾನೆ. ಮರ ಹೋದರೂ ಹಕ್ಕು ಮುಂದುವರಿಯುತ್ತದೆ. ಹಾಗಂತ ಎಲ್ಲರೂ ಕೊಳೆಯಲು ಬಿಡುತ್ತಾರೆ ಎಂದೂ ಅಲ್ಲ. ಅದೇ ತೀರದ ನಿಸ್ಗಾ ಎಂಬ ಜನರ ನಿಸ್ಜೋಲ್ ಕಂಬವನ್ನೂ 1929ರಲ್ಲೇ ಒಯ್ದಿದ್ದರು, ಎಡಿನ್‌ಬರೋ ಮ್ಯೂಸಿಯಂಗೆ. 2023ರಲ್ಲಿ ಅದು ಮಿಲಿಟರಿ ವಿಮಾನದಲ್ಲಿ ವಾಪಸ್ ಬಂತು. ಅದನ್ನು ಅವರು ತಮ್ಮ ಊರಿನ, ತಮ್ಮದೇ ಮ್ಯೂಸಿಯಂನಲ್ಲಿ ನಿಲ್ಲಿಸಿಕೊಂಡರು. ಒಬ್ಬರು ಮಣ್ಣಿಗೆ ಕೊಟ್ಟರು, ಇನ್ನೊಬ್ಬರು ಚಾವಣಿ ಕೆಳಗೆ ಇಟ್ಟರು. ಎರಡೂ ನನಗೆ ಸರಿಯೇ. ಏಕೆಂದರೆ ತೀರ್ಮಾನ ಮಾಡಿದವರು ಮನೆಯವರು.

ಪ್ರಶ್ನೆ: ನಾನು ಪ್ರೈಮರಿ ಶಾಲೆ ಟೀಚರ್. ‘ಅಮೆರಿಕದ ಆದಿವಾಸಿಗಳು’ ಎಂಬ ಪ್ರಾಜೆಕ್ಟಿಗೆ ರಟ್ಟಿನ ಟೋಟೆಮ್ ಕಂಬ, ಚರ್ಮದ ಗುಡಾರ, ಗರಿಯ ಕಿರೀಟ ಮಾಡಿಸುತ್ತಿದ್ದೇವೆ. ಎಲ್ಲ ಒಟ್ಟಿಗೆ ಇಡಬಹುದಾ?
— ಶಿಕ್ಷಕಿ, ತುಮಕೂರು

ಉತ್ತರ: ಒಟ್ಟಿಗೆ ಇಡಬೇಡಿ ಮೇಡಂ. ಗುಡಾರ, ಗರಿಯ ಕಿರೀಟ ಎರಡೂ ಒಳನಾಡಿನ ಬಯಲು ಸೀಮೆಯ ಜನರದ್ದು. ಟೋಟೆಮ್ ಕಂಬ ಇರುವುದು ಅಲಾಸ್ಕಾದ ದಕ್ಷಿಣ ತೀರದಿಂದ ಬ್ರಿಟಿಷ್ ಕೊಲಂಬಿಯಾ ದಾಟಿ ವಾಷಿಂಗ್‌ಟನ್ ರಾಜ್ಯದ ತೀರದವರೆಗೆ ಹಬ್ಬಿದ ಒಂದು ಪಟ್ಟಿಯಲ್ಲಿ ಮಾತ್ರ. ಟ್ಲಿಂಗಿಟ್, ಹೈಡಾ, ಸಿಮ್ಷಿಯನ್, ನಿಸ್ಗಾ, ಹೈಸ್ಲಾ, ಕ್ವಾಕ್ವಾಕಾವಾಕ್ವ್ ಹೀಗೆ ಬೇರೆಬೇರೆ ಜನ, ಬೇರೆಬೇರೆ ಭಾಷೆ. ಬೃಹತ್ ಸೀಡರ್ ಮರ ಬೆಳೆಯುವ, ಸಾಲ್ಮನ್ ಮೀನು ಹೇರಳವಾಗಿರುವ ತೀರ ಅದು. ಮರ ಇಲ್ಲದ ಬಯಲಿನಲ್ಲಿ ಇಷ್ಟು ದೊಡ್ಡ ಕಂಬ ಹೇಗೆ ಬಂದೀತು? ಮಕ್ಕಳಿಗೆ ಮೊದಲು ಮ್ಯಾಪ್ ಬಿಡಿಸಲು ಹೇಳಿ, ಎರಡನ್ನೂ ಬೇರೆ ಮೇಜಿನ ಮೇಲೆ ಇಡಿ.

ಇನ್ನೊಂದು ವಿಷಯ. ನಿಮ್ಮ ಚಾರ್ಟಿನಲ್ಲಿ ಕಂಬ ‘ನಿಲ್ಲಿಸುತ್ತಿದ್ದರು’ ಎಂದು ಬರೆಸಿದ್ದರೆ ತಿದ್ದಿಸಿ, ಈಗಲೂ ನಿಲ್ಲಿಸುತ್ತಾರೆ. 1985ರಲ್ಲಿ ಹೈಡಾ ಗ್ವಾಯ್‌ನ ಲೈಯೆಲ್ ದ್ವೀಪದಲ್ಲಿ ಕಾಡು ಕಡಿಯುವುದನ್ನು ತಡೆಯಲು ಜನ ರಸ್ತೆಗೆ ಅಡ್ಡ ನಿಂತರು. ಮುದುಕ ಮುದುಕಿಯರೂ ಸೇರಿ 72 ಮಂದಿಯನ್ನು ಬಂಧಿಸಿದರು. ಕಡೆಗೆ ಆ ಕಾಡು ಉಳಿಯಿತು. 1993ರಿಂದ ಅದನ್ನು ಹೈಡಾ ಜನ ಮತ್ತು ಕೆನಡಾ ಸರ್ಕಾರ ಒಪ್ಪಂದ ಮಾಡಿಕೊಂಡು ಜೊತೆಯಾಗಿ ನೋಡಿಕೊಳ್ಳುತ್ತಿವೆ. ಅದಕ್ಕೆ ಇಪ್ಪತ್ತು ವರ್ಷ ತುಂಬಿದಾಗ, 2013ರಲ್ಲಿ, ಅದೇ ದ್ವೀಪದಲ್ಲಿ ಜಾಲೆನ್ ಎಡೆನ್‌ಶಾ ಎಂಬ ಶಿಲ್ಪಿ ಕೆತ್ತಿದ ಹೊಸ ಕಂಬ ನಿಂತಿತು. ಹದ್ದು, ರೇವನ್, ಕಾವಲುಗಾರರು ಎಲ್ಲ ಇದ್ದಾರೆ. ಅವರ ನಡುವೆ, ರಸ್ತೆಗೆ ಅಡ್ಡ ನಿಂತ ಆ ಜನರೂ ಒಟ್ಟಾಗಿ ನಿಂತಿದ್ದಾರೆ. ಮಕ್ಕಳಿಗೆ ಆ ಕಂಬದ ಚಿತ್ರವನ್ನೂ ತೋರಿಸಿ.